ಲಾಟ್ವಿಯದ ಸಕಾರ, ರಾಯದುರ್ಗದ ಮಿಷನ್ನು

ಲಾಟ್ವಿಯ ದೇಶದ ಮಕ್ಕಳು ನಾಯಿಗೆ ‘ಸುನ್ಸ್’ ಅನ್ನುತ್ತಾರೆ, ಕತ್ತರಿಗೆ ‘ಶ್ಕೇರೆಸ್’. ಈ ಪದಗಳಲ್ಲಿ ಸಕಾರ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಶಕಾರಕ್ಕಿಂತ ಅದು ಎಷ್ಟು ಮೇಲೆ ನಿಲ್ಲುತ್ತದೆ ಎಂದು ನನ್ನನ್ನು ಆಗ ಯಾರಾದರೂ ಕೇಳಿದ್ದರೆ ಗಡಿಯಾರ ನೋಡಿ ಗಂಟೆ ಹೇಳುವಷ್ಟು ಸಲೀಸಾಗಿ ಹೇಳಿಬಿಡುತ್ತಿದ್ದೆ. ಲಾಟ್ವಿಯ ಭೂಪಟದಲ್ಲಿ ಎಲ್ಲಿದೆ ಎಂದು ಮಾತ್ರ ಕೇಳಬಾರದಾಗಿತ್ತು. ಯಾರೂ ಕೇಳಲೂ ಇಲ್ಲ ಅನ್ನಿ. ಮಡಕಶಿರ ತಾಲ್ಲೂಕಿನಲ್ಲಿ ಅಮರಾಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಅಂಥ ಪ್ರಶ್ನೆ ಕೇಳುವವರು ಇರಲಿಲ್ಲ. ಇದ್ದದ್ದು ಅಮ್ಮ ಒಬ್ಬಳು. ಅವಳು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ, “ಆ ದೇಶದ ಮಕ್ಕಳಿಗೂ ನಾಲಿಗೆ ತೊದಲುತ್ತೇನೆ?” ಎಂದು ಕೇಳಿದಳು. ತೊದಲುತ್ತದೆ ಎಂದೆ. “ಹಂಗಾದ್ರೆ ನಮ್ಮಂಗೇ ಬಿಡು,” ಎಂದು ಅಲ್ಲಿಗೆ ಲಾಟ್ವಿಯದ ವಿಚಾರ ಮುಗಿಸಿಬಿಟ್ಟಳು.

ಆ ಕಾಲಕ್ಕೆ ನಮ್ಮ ಕಡೆಯ ಹುಡುಗಿಯರೆಲ್ಲ ಬೆಂಗಳೂರಿನ ಗಾರ್ಮೆಂಟ್ಸಿಗೆ ಬಸ್ಸು ಹತ್ತುತ್ತಿದ್ದರು. ನಾನೊಬ್ಬಳು ದಿಕ್ಕು ಬದಲಿಸಿ ಬಳ್ಳಾರಿಗೆ ಹೋದೆ. ಮಾತು ಸರಿಯಿಲ್ಲದ ಮಕ್ಕಳಿಗೆ ಮಾತು ಕಲಿಸುವವರ ತರಬೇತಿ ಅದು, ನಾನು ಸೇರಿದ್ದು ಸಹಾಯಕಿಯರ ವರ್ಗಕ್ಕೆ. ನಮಗೆ ಪಾಠ ಮಾಡುತ್ತಿದ್ದ ಮೇಡಂ ಎರಡು ವರ್ಷ ಲಾಟ್ವಿಯದಲ್ಲಿ ಓದಿ ಬಂದವರು. ಬರುವಾಗ ಅಲ್ಲಿನ ಮಕ್ಕಳ ಮಾತುಗಳ ಧ್ವನಿಮುದ್ರಣವನ್ನು ಒಂದು ಹಾರ್ಡ್ ಡಿಸ್ಕಿನ ತುಂಬ ತಂದಿದ್ದರು. ಕನ್ನಡದ ಮಕ್ಕಳದ್ದು ಅಷ್ಟು ಚೊಕ್ಕಟವಾಗಿ ಅವರ ಬಳಿ ಇರಲಿಲ್ಲ. ನಮ್ಮ ಮಕ್ಕಳ ಮುದ್ರಣದಲ್ಲಿ ಹಿಂದೆ ಕೋಳಿ, ಮುಂದೆ ಆಟೋ. ಹಾಗಾಗಿ ಬಳ್ಳಾರಿಯ ಬಿಸಿಲಲ್ಲಿ, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದ ಕೋಣೆಯಲ್ಲಿ ಕುಳಿತು, ನಾವು ಎಂಟು ಜನ ಹುಡುಗಿಯರು ಹಿಮದ ನಾಡಿನ ಮಕ್ಕಳ ಉಚ್ಚಾರ ಕಲಿತೆವು.

ಕಲಿಯುವುದು ಕಿವಿಯಿಂದಲ್ಲ, ಕಣ್ಣಿಂದ. ಕಂಪ್ಯೂಟರಿಗೆ ಧ್ವನಿ ಕೊಟ್ಟರೆ ಅದು ಬೂದು ಬಣ್ಣದ ಒಂದು ಚಿತ್ರ ಕೊಡುತ್ತದೆ. ಎಡದಿಂದ ಬಲಕ್ಕೆ ಸಮಯ. ದಪ್ಪ ಸದ್ದೆಲ್ಲ ಚಿತ್ರದ ಕೆಳಗೆ, ತೆಳ್ಳನೆ ಸದ್ದೆಲ್ಲ ಮೇಲೆ. ಅ, ಆ, ಇ ಮುಂತಾದ ಸ್ವರಗಳು ಕೆಳಗಿನ ಅರ್ಧದಲ್ಲಿ ಕಪ್ಪು ಪಟ್ಟಿಗಳಾಗಿ ಮಲಗಿರುತ್ತವೆ. ಸಕಾರ ಹಾಗಲ್ಲ, ಮೇಲಿನ ಅರ್ಧದಲ್ಲಿ ಜರಡಿಯಿಂದ ರಾಗಿ ಹಿಟ್ಟು ಉದುರಿದಂತೆ ಹರಡಿಕೊಳ್ಳುತ್ತದೆ. ಶಕಾರ ಅದಕ್ಕಿಂತ ಸ್ವಲ್ಪ ಕೆಳಗೆ ಇಳಿಯುತ್ತದೆ. ಲಾಟ್ವಿಯದವರಿಗೆ ನಮ್ಮ ಹಾಗೆಯೇ ಹ್ರಸ್ವ ದೀರ್ಘಗಳಿವೆ ಎಂದು ಗೊತ್ತಾದಾಗ ನನಗೆ ಸೋದರಮಾವನ ಮಕ್ಕಳು ಸಿಕ್ಕಷ್ಟು ಸಂತೋಷವಾಯಿತು. ಪರೀಕ್ಷೆಯಲ್ಲಿ ನಾನೇ ಮೊದಲು. ಮೇಡಂ ಸದ್ದನ್ನು ಬಂದ್ ಮಾಡಿ ಚಿತ್ರ ಮಾತ್ರ ತೋರಿಸಿದರೂ ‘ಇದು ಸುನ್ಸ್, ಇದು ಶ್ಕೇರೆಸ್’ ಎಂದು ಬೆರಳಿಟ್ಟು ಹೇಳುತ್ತಿದ್ದೆ. ಅಲ್ಲಿಂದಲೇ ನನ್ನ ತಲೆ ತಿರುಗಿದ್ದು.

ನನ್ನ ಅಕ್ಕನನ್ನು ರಾಯದುರ್ಗಕ್ಕೆ ಕೊಟ್ಟಿತ್ತು. ಜೀನ್ಸ್ ಹೊಲಿಯುವ ಮನೆ. ಆ ಬೀದಿಯೇ ಹಾಗೆ, ಪಡಸಾಲೆ ಎನ್ನುವುದು ಯಾವ ಮನೆಯಲ್ಲೂ ಕೂರಲು ಇರಲಿಲ್ಲ, ಮಿಷನ್ ಇಡಲು ಇತ್ತು. ಅಕ್ಕನ ಮನೆಯಲ್ಲಿ ಮೂರು. ಒಂದರಲ್ಲಿ ಭಾವ ಕಾಲುಗಳನ್ನು ಜೋಡಿಸುತ್ತಿದ್ದ, ಇನ್ನೊಂದರಲ್ಲಿ ಅಕ್ಕ ಜೇಬು ಕೂರಿಸುತ್ತಿದ್ದಳು, ಮೂರನೆಯದು ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕು, ಅದಕ್ಕೆ ಅಕ್ಕನ ಅತ್ತೆ. ಮೂರೂ ಒಟ್ಟಿಗೆ ಓಡಿದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಗೊತ್ತಾಗುವಂತಿರಲಿಲ್ಲ. ಹಾಗಾಗಿ ಆ ಮನೆಯವರು ಮಾತಾಡುತ್ತಿದ್ದದ್ದು ತುಟಿಯಲ್ಲಿ. ಬಾಯಿಯನ್ನು ಅಗಲ ಮಾಡಿ, ಹುಬ್ಬು ಎತ್ತಿ, ಕೈ ತಿರುಗಿಸಿ, ಸದ್ದೇ ಇಲ್ಲದೆ ಒಂದಿಡೀ ಜಗಳ ಮುಗಿಸುತ್ತಿದ್ದರು. ಮೊದಮೊದಲು ನನಗೆ ದಿಗಿಲಾಗುತ್ತಿತ್ತು. ಆಮೇಲೆ ನಾನೂ ‘ಊಟ ಆಯ್ತಾ’ ಎನ್ನುವುದನ್ನು ಬರೀ ತುಟಿಯಲ್ಲಿ ಕೇಳಲು ಕಲಿತೆ.

ಆ ಮಿಷನ್ನುಗಳ ಕಾಲ ಬುಡದಲ್ಲಿ ಬೆಳೆದವಳು ಅಕ್ಕನ ಮಗಳು. ಪುಟ್ಟಿ ಅನ್ನೋಣ. ಆಗ ಅವಳಿಗೆ ಐದು ಮುಗಿದಿತ್ತು. ಮಾತಾಡುತ್ತಿದ್ದಳು, ಆದರೆ ಅರ್ಧ ಮಾತು. ಸೂಜಿ ‘ಊಜಿ’ ಆಗುತ್ತಿತ್ತು, ಚಪಾತಿ ‘ಅಪಾತಿ’. ಸ, ಶ, ಚ ಯಾವುದೂ ಬಾಯಿಗೆ ಬರುತ್ತಿರಲಿಲ್ಲ. ಮನೆಯವರಿಗೆ ಎಲ್ಲ ಅರ್ಥವಾಗುತ್ತಿತ್ತು, ಹೊರಗಿನವರಿಗೆ ಏನೂ ಇಲ್ಲ. ಶಾಲೆಗೆ ಸೇರಿಸಲು ಕರೆದುಕೊಂಡು ಹೋದರೆ ಹೆಡ್ ಮೇಡಂ, “ಮಾತೇ ತಿಳಿಯಂಗಿಲ್ಲ, ಹೆಂಗ ಕಲಿಸೋದು ಹೇಳ್ರಿ? ಬರೋ ಜೂನ್ ತನಕ ನೋಡ್ರಿ. ಅಷ್ಟರಾಗ ಸರಿ ಹೋದ್ರ ಇಲ್ಲೇ ಸೇರಿಸ್ಕೋತೀನಿ. ಇಲ್ಲಾಂದ್ರ ಇಂಥಾ ಮಕ್ಕಳ ಹಾಸ್ಟೆಲ್ ಐತಿ, ಅಲ್ಲಿಗೆ ಬಿಡ್ರಿ,” ಎಂದು ಕಳಿಸಿದ್ದರು. ಆ ಹಾಸ್ಟೆಲ್ ಇದ್ದದ್ದು ಒಂದು ದಿನದ ದಾರಿ ದೂರದ ಊರಲ್ಲಿ. ಹಬ್ಬಕ್ಕೊಮ್ಮೆ ಮನೆಗೆ ಕಳಿಸುತ್ತಾರಂತೆ. ಅಕ್ಕ ಅದನ್ನು ನನಗೆ ಹೇಳುವಾಗ ಮಿಷನ್ ನಿಲ್ಲಿಸಿರಲಿಲ್ಲ. ಜೇಬು ಸೊಟ್ಟ ಕೂರುತ್ತಾ ಹೋಯಿತು, ಅವಳು ನೋಡಲೇ ಇಲ್ಲ.

ಅಲ್ಲಿ ನಾನು ಬಾಯಿ ಬಿಟ್ಟೆ. “ಹಾಸ್ಟೆಲ್ಲೂ ಇಲ್ಲ ಏನೂ ಇಲ್ಲ. ಜೂನ್ ಹೊತ್ತಿಗೆ ಮಾತಾಡಿಸಿ ಕೊಡೋ ಜವಾಬ್ದಾರಿ ನಂದು,” ಎಂದೆ. ಎದೆ ತಟ್ಟಿಕೊಂಡೇ ಅಂದಿರಬೇಕು. ಅಕ್ಕ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಇವತ್ತು ಅದನ್ನು ನೆನೆಸಿಕೊಂಡರೆ ಆ ಕೈಗಳನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರು ಮಾಡಿದೆ. ಪ್ರತಿ ಶನಿವಾರ ಬಳ್ಳಾರಿಯಿಂದ ಬಸ್ಸು ಹತ್ತಿ, ತರಬೇತಿ ಕೇಂದ್ರದ ಹಳೆಯ ಲ್ಯಾಪ್‌ಟಾಪನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡು ಬರುತ್ತಿದ್ದೆ. ಕಿವಿ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು, ಅದು ಮೊದಲ ಪಾಠ, ಕೇಳಿದೆ. ಅಕ್ಕ ಟ್ರಂಕಿನಿಂದ ಒಂದು ಚೀಟಿ ತೆಗೆದು ಕೊಟ್ಟಳು. ಯಾವುದೋ ಶಿಬಿರದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬಡಿದಿದ್ದರಂತೆ. ಪುಟ್ಟಿ ಎಲ್ಲರಿಗಿಂತ ಮೊದಲು ತಿರುಗಿದ್ದಳಂತೆ. ಚೀಟಿಯಲ್ಲಿ ‘ಕಿವಿ ಸರಿ ಇದೆ’ ಎಂದು ಬರೆದು ಸೀಲು ಒತ್ತಿತ್ತು. ನೇರಳೆ ಬಣ್ಣದ ಗುಂಡನೆ ಸೀಲು. ಸೀಲು ನೋಡಿದರೆ ಪ್ರಶ್ನೆ ಕೇಳದ ವಂಶ ನಮ್ಮದು. ಚೀಟಿಯನ್ನು ಕಡತಕ್ಕೆ ಸೇರಿಸಿ ಮುಂದಕ್ಕೆ ಹೋದೆ.

ಮೊದಲ ವಾರದ ಮುದ್ರಣದಲ್ಲೇ ನನಗೆ ಒಂದು ಮಹಾ ಶೋಧನೆಯಾಯಿತು. ಪುಟ್ಟಿಯ ಧ್ವನಿಯ ಚಿತ್ರದಲ್ಲಿ ಕೆಳಗಡೆ ಉದ್ದಕ್ಕೂ ಒಂದೇ ಅಳತೆಯ ಪಟ್ಟಿ, ಅದರ ಮೇಲೆ ಸಣ್ಣ ಸಣ್ಣ ಗೀರುಗಳು. ಲಾಟ್ವಿಯದ ಒಂದೇ ಒಂದು ಮಗುವಿನಲ್ಲೂ ನೋಡಿರದ ಗೀರುಗಳು! ‘ಧ್ವನಿಪೆಟ್ಟಿಗೆಯಲ್ಲಿ ನಡುಕ ಇರುವ ಸಂಭವ’ ಎಂದು ಎರಡು ಪುಟ ಟಿಪ್ಪಣಿ ಬರೆದು ಮೇಡಂಗೆ ಕೊಟ್ಟೆ. ಮೇಡಂ ಚಿತ್ರವನ್ನು ಒಂದು ಸಲ ನೋಡಿದರು. “ಇದು ಮೋಟಾರು. ಮಗುವಿಗೆ ಮೋಟಾರು ಇದೆಯಾ?” ಎಂದರು. ನಾನು ಮಿಷನ್ ಬಂದ್ ಮಾಡಿಸಿಯೇ ಮುದ್ರಿಸಿದ್ದೆ. ಆದರೆ ಗೋಡೆಯಾಚೆಯ ಮನೆಯ ಮಿಷನ್ನುಗಳು ಓಡುತ್ತಿದ್ದವು. ಉಳಿದ ಏಳು ಜನ ಹುಡುಗಿಯರು ಒಂದು ತಿಂಗಳ ತನಕ ನನ್ನನ್ನು ಮೋಟಾರಮ್ಮ ಎಂದು ಕರೆದರು.

ಆ ಅವಮಾನದಿಂದ ಬುದ್ಧಿ ಬಂತು ಅಂದುಕೊಂಡೀರಿ. ಹಟ ಬಂತು. ಮೋಟಾರಿನ ಪಟ್ಟಿಯನ್ನು ಅಳಿಸುವುದು ಕಲಿತೆ. ಅಳಿಸಿದ ಮೇಲೆ ಉಳಿದದ್ದು ನೋಡಿದರೆ, ಪುಟ್ಟಿಯ ಚಿತ್ರದಲ್ಲಿ ಸ್ವರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತಿದ್ದವು. ಮೇಲಿನ ಅರ್ಧ ಮಾತ್ರ ಬೋಳು. ಹಿಟ್ಟು ಉದುರಬೇಕಾದ ಕಡೆ ಒಂದು ಕಣವೂ ಇರಲಿಲ್ಲ. ಲಾಟ್ವಿಯದ ಮಗುವಿನ ಚಿತ್ರವನ್ನು ಪಕ್ಕಕ್ಕಿಟ್ಟು ಹೋಲಿಸಿ, ‘ಮೇಲಿನ ಅರ್ಧ ಬೋಳು. ನಾಲಿಗೆಯ ತುದಿ ಸರಿಯಾದ ಸ್ಥಾನಕ್ಕೆ ಹೋಗುತ್ತಿಲ್ಲ’ ಎಂದು ಬರೆದೆ. ಅಕ್ಷರ ದುಂಡಗಿತ್ತು.

ಅಲ್ಲಿಂದ ಆ ಮಗುವಿನ ನಾಲಿಗೆಯ ಹಿಂದೆ ಬಿದ್ದೆ. ಮೇಲಿನ ಹಲ್ಲಿನ ಹಿಂದೆ ಬೆಲ್ಲದ ಪಾಕ ಹಚ್ಚಿ ನಾಲಿಗೆ ತುದಿಯಿಂದ ನೆಕ್ಕಿಸಿದೆ. ಕನ್ನಡಿ ಹಿಡಿದು ಹಲ್ಲು ಕಚ್ಚಿಸಿದೆ. ಜೀನ್ಸಿನ ಹಳದಿ ದಾರ ಒಂದು ಎಳೆ ತೆಗೆದು ಅವಳ ಬಾಯಿಯ ಮುಂದೆ ತೂಗಿಬಿಟ್ಟು, ‘ಸ್ಸ್’ ಅಂದಾಗ ಅದು ಅಲ್ಲಾಡಬೇಕು ಎಂದು ತೋರಿಸಿದೆ. ಪುಟ್ಟಿ ಜಾಣೆ. ದಾರ ಅಲ್ಲಾಡಬೇಕು ತಾನೆ? ಫೂ ಎಂದು ಊದಿದಳು. ದಾರ ಅಲ್ಲಾಡಿತು. ನಾನು ಕಡತದಲ್ಲಿ ‘ಪ್ರಗತಿ’ ಎಂದು ಬರೆದೆ.

ಅವಳಿಗೆ ಒಂದು ಚಟವಿತ್ತು. ಜೀನ್ಸ್ ಹೊಲಿಯುವಾಗ ನೀಲಿ ಧೂಳು ಹಾರುತ್ತದೆ, ಹಾಗಾಗಿ ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರುತ್ತಿದ್ದರು. ಯಾರಾದರೂ ಏನಾದರೂ ಹೇಳಲು ಬಂದರೆ ಪುಟ್ಟಿ ಮೊದಲು ಆ ಬಟ್ಟೆಯನ್ನು ಕೆಳಗೆ ಎಳೆಯುತ್ತಿದ್ದಳು. ಬಂದ ನೆಂಟರ ಮುಖದಿಂದಲೂ ಎಳೆದಿದ್ದಳು. ಎಲ್ಲರೂ ಗದರುತ್ತಿದ್ದರು. ನಾನು ಬೆನ್ನ ಹಿಂದೆ ಕುಳಿತು ‘ಸ’ ಅನ್ನು, ‘ಶ’ ಅನ್ನು ಎಂದು ಪಾಠ ಮಾಡಿದರೆ ತಿರುಗಿ ನನ್ನ ಮುಖ ನೋಡುತ್ತಿದ್ದಳು. ಮುಂದಕ್ಕೆ ತಿರುಗಿಸಿದರೆ ಸುಮ್ಮನಾಗುತ್ತಿದ್ದಳು. ಕಡತದಲ್ಲಿ ಬರೆದೆ: ‘ತುಂಟತನ. ಹಟ. ಸಹಕಾರ ಕಡಿಮೆ.’ ಬರೆದದ್ದಷ್ಟೇ ಅಲ್ಲ, ಅಕ್ಕನಿಗೂ ಹೇಳಿದೆ. “ನೋಡೇ, ಬರುತ್ತೆ ಅವಳಿಗೆ. ಬೇಕೂಂತ ಹೇಳಲ್ಲ. ನೀನು ಸ್ವಲ್ಪ ಬಿಗಿ ಮಾಡಬೇಕು,” ಎಂದೆ.

ಅಕ್ಕ ಬಿಗಿ ಮಾಡಿದಳು. ಮುಂದಿನ ಶನಿವಾರ ನಾನು ಹೋದಾಗ ಪುಟ್ಟಿಯ ತೊಡೆಯ ಮೇಲೆ ಬೆರಳ ಗುರುತು ಇತ್ತು. “ಸೂಜಿ ಅನ್ನು ಅಂತ ನೂರು ಸಲ ಹೇಳಿದೆ ಕಣೇ. ಊಜಿ ಊಜಿ ಅಂತ ಹಲ್ಲು ಕಿರೀತಾಳೆ. ಕೈ ತಡೀಲಿಲ್ಲ,” ಎಂದಳು ಅಕ್ಕ. ಅವಳ ಕಣ್ಣು ಕೆಂಪಗಿತ್ತು. ಎಣಿಸಿದರೆ ಜೂನ್‌ಗೆ ಹತ್ತು ವಾರ ಉಳಿದಿತ್ತು. ನಾನು ಏನು ಹೇಳಿದೆ ಗೊತ್ತೇ? “ಪರವಾಗಿಲ್ಲ, ಒಂದೊಂದು ಸಲ ಬೇಕಾಗುತ್ತೆ,” ಎಂದೆ. ಥೂ ನನ್ನ!

ಏಪ್ರಿಲ್ಲಿನಲ್ಲಿ ನಮ್ಮ ತರಬೇತಿಯ ಕೊನೆಯ ವರದಿ ಒಪ್ಪಿಸಬೇಕಿತ್ತು. ವರದಿಗೆ ಮೋಟಾರಿಲ್ಲದ, ಚೊಕ್ಕಟವಾದ ಮುದ್ರಣ ಬೇಕು. ರಾಯದುರ್ಗದಲ್ಲಿ ಅದು ಆಗುವ ಮಾತಲ್ಲ. ಪುಟ್ಟಿಯನ್ನು ಕರೆದುಕೊಂಡು ಬಸ್ಸು ಬದಲಿಸಿ ಬದಲಿಸಿ ನಮ್ಮೂರಿಗೆ ಹೋದೆ. ಮಗುವಿನ ಮೇಲಿನ ಪ್ರೀತಿಯಿಂದ ಅಲ್ಲ, ವರದಿಯ ಚಂದಕ್ಕೆ. ನನ್ನ ಲೆಕ್ಕದಲ್ಲಿ ನಮ್ಮ ಹುಳುಮನೆಯಷ್ಟು ನಿಶ್ಶಬ್ದವಾದ ಜಾಗ ಜಿಲ್ಲೆಯಲ್ಲೇ ಇರಲಿಲ್ಲ. ರೇಷ್ಮೆ ಹುಳು ಸಾಕುವ ಮನೆ ಅದು. ತೋಟದ ನಡುವೆ, ದಪ್ಪ ಮಣ್ಣಿನ ಗೋಡೆ, ಬಾಗಿಲಿಗೆ ಪರದೆ. ಒಳಗೆ ಹೋಗಬೇಕಾದರೆ ಕಾಲು ತೊಳೆಯಬೇಕು, ಮಾತು ಕಡಿಮೆ ಮಾಡಬೇಕು, ಉಗುಳು ಸಿಡಿಯದ ಹಾಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯಬೇಕು. ಇದು ಅಮ್ಮನ ಕಾನೂನು.

ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದಿದ್ದವು. ಒಂದು ದಿನ ಮೇವು ಬಿಟ್ಟು ತಲೆ ಎತ್ತಿ ಸುಮ್ಮನಿದ್ದ ಹುಳು ಈ ಜ್ವರದಿಂದ ಎದ್ದ ಮೇಲೆ ರಾಕ್ಷಸರ ಹಾಗೆ ಸೊಪ್ಪು ತಿನ್ನುತ್ತದೆ. ನಾನು ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಮೈಕು ಜೋಡಿಸಿದೆ. ಖಾಲಿ ಕೋಣೆಯ ಸದ್ದು ಎಷ್ಟಿದೆ ಎಂದು ಮೊದಲು ನೋಡಿಕೊಳ್ಳಬೇಕು, ಅದಕ್ಕೆ ಸ್ವಲ್ಪ ಹೊತ್ತು ಹಾಗೆಯೇ ಮುದ್ರಿಸಿದೆ. ಚಿತ್ರ ಮೂಡಿತು. ಕೆಳಗಿನ ಅರ್ಧ ಬಿಳಿ. ಮೇಲಿನ ಅರ್ಧದಲ್ಲಿ ತೆಳ್ಳಗೆ ಬೂದು ಹಿಟ್ಟು. ಏನಪ್ಪಾ ಇದು, ಮೈಕು ಕೆಟ್ಟಿತೇ ಎಂದು ತಲೆ ಎತ್ತಿದರೆ ಆಗ ಕೇಳಿಸಿತು. ಹುಳು ಮೇಯುವ ಸದ್ದು. ಹುಟ್ಟಿದಾಗಿನಿಂದ ಕೇಳಿದ್ದಕ್ಕೆ ಅದನ್ನು ಸದ್ದು ಎಂದು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸಾವಿರಾರು ಬಾಯಿ ಒಟ್ಟಿಗೆ ಎಲೆ ಕತ್ತರಿಸುವ, ಸಣ್ಣ ಹನಿ ಬಿದ್ದ ಹಾಗಿನ ಸರಸರ.

ಅಮ್ಮ ಹುಳುವಿನ ತಟ್ಟೆಯ ಪಕ್ಕ ಪುಟ್ಟಿಯನ್ನು ನಿಲ್ಲಿಸಿಕೊಂಡಿದ್ದಳು. ಬಾಯಿಗೆ ಸೆರಗು ಅಡ್ಡ ಇತ್ತು. “ಕೇಳಿಸ್ತಾ ಕೂಸೇ, ಹುಳ ಮೇಯೋದು?” ಎಂದಳು. ನಮ್ಮ ಮನೆಗೆ ಬಂದ ಯಾವ ಮಗುವನ್ನೂ ಅವಳು ಹೀಗೆ ಕೇಳದೆ ಬಿಟ್ಟವಳಲ್ಲ. ಎಲ್ಲ ಮಕ್ಕಳೂ ಒಂದು ಗಳಿಗೆ ಉಸಿರು ಹಿಡಿದು ಕೇಳಿ ನಗುತ್ತವೆ. ಪುಟ್ಟಿ ಅಜ್ಜಿಯ ಸೆರಗನ್ನು ಎಳೆದಳು. ಅಮ್ಮ ಮತ್ತೆ ಸೆರಗು ಹಿಡಿದು ಮತ್ತೆ ಕೇಳಿದಳು. ಪುಟ್ಟಿ ಮತ್ತೆ ಎಳೆದಳು. ಗದರುತ್ತಾಳೆ ಎಂದು ನಾನು ಕಾದೆ. ಅಮ್ಮ ಗದರಲಿಲ್ಲ. ಸೆರಗನ್ನು ಪೂರ್ತಿ ತೆಗೆದು, ತುಟಿ ಕಾಣುವ ಹಾಗೆ ಬಗ್ಗಿ, “ಹುಳದ ಸದ್ದು ಕೇಳಿಸ್ತಾ?” ಎಂದಳು. ಪುಟ್ಟಿಗೆ ಪ್ರಶ್ನೆ ಅರ್ಥವಾಯಿತು. ಹುಳುಗಳನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಇಲ್ಲ ಎಂದು ತಲೆಯಾಡಿಸಿದಳು. ತಟ್ಟೆಯ ಹತ್ತಿರಕ್ಕೆ ಕಿವಿ ತಂದು ತೋರಿಸಿದರೂ ಇಲ್ಲ.

“ಈ ಮಗೀಗೆ ಹುಳದ ಸದ್ದು ಕೇಳಿಸ್ತಾ ಇಲ್ಲ ಕಣೇ,” ಎಂದಳು ಅಮ್ಮ ನನ್ನ ಕಡೆ ತಿರುಗಿ. “ನೀನು ಅದೇನೋ ದೊಡ್ಡದಾಗಿ ಓದಿದೀಯಲ್ಲ, ನೋಡಿಲ್ವಾ?”

ನಾನು ಲ್ಯಾಪ್‌ಟಾಪಿನ ಪರದೆ ನೋಡುತ್ತಾ ಕುಳಿತೆ. ಮೇಲಿನ ಅರ್ಧದ ಬೂದು ಹಿಟ್ಟು ಅಲ್ಲೇ ಇತ್ತು. ಹುಳು ಮೇಯುವ ಸದ್ದು ಎಲ್ಲಿ ಹರಡಿಕೊಂಡಿತ್ತೋ ಸಕಾರದ ಜಾಗವೂ ಅದೇ. ಸುನ್ಸ್‌ನ ಸಕಾರ, ಸೂಜಿಯ ಸಕಾರ, ಎಲ್ಲವೂ ಅಲ್ಲೇ. ಆ ಮಗುವಿಗೆ ಸದ್ದಿನ ಕೆಳಗಿನ ಅರ್ಧ ಕೇಳುತ್ತಿತ್ತು, ಮೇಲಿನ ಅರ್ಧ ಕೇಳುತ್ತಿರಲಿಲ್ಲ. ಶಿಬಿರದ ಸ್ಟೀಲ್ ತಟ್ಟೆಯ ಬಡಿತ ಕೇಳುತ್ತದೆ, ತಿರುಗುತ್ತಾಳೆ. ಸಕಾರ ಕೇಳುವುದಿಲ್ಲ, ಹೇಳುವುದಿಲ್ಲ. ಕೇಳದ್ದನ್ನು ತುಟಿ ನೋಡಿ ತುಂಬಿಸಿಕೊಳ್ಳುತ್ತಾಳೆ, ಅದಕ್ಕೇ ಬಟ್ಟೆ ಎಳೆಯುತ್ತಾಳೆ. ಅಲ್ಲ, ಮೇಲಿನ ಅರ್ಧ ಬೋಳು ಎಂದು ನಾನೇ ನನ್ನ ದುಂಡನೆ ಅಕ್ಷರದಲ್ಲಿ ಬರೆದಿದ್ದೆನಲ್ಲ! ಬರೆದು, ಅದರ ಕೆಳಗೆ ‘ನಾಲಿಗೆ’ ಎಂದೆನಲ್ಲ! ಅಮ್ಮ ಪುಟ್ಟಿಯ ಕೈಗೆ ಒಂದು ಹುಳು ಕೊಟ್ಟಿದ್ದಳು, ಅದು ಅಂಗೈ ಮೇಲೆ ಹರಿದರೆ ಮಗು ಕಿಲಕಿಲ ನಗುತ್ತಿತ್ತು.

ಮರುದಿನವೇ ರಾಯದುರ್ಗಕ್ಕೆ ವಾಪಸು. ಅಕ್ಕನ ಅತ್ತೆಗೆ ವಿಷಯ ಹೇಳಿದರೆ ಅವರು ಓವರ್‌ಲಾಕಿಗೆ ದಾರ ಪೋಣಿಸುತ್ತಲೇ, “ಇದರಾಗ ಹೊಸಾದೇನೈತಿ ತಂಗಿ? ಬಾಯಿ ಕಾಣದಿದ್ರ ಆಕೀಗೆ ತಿಳಿಯಂಗಿಲ್ಲ. ನಮ್ಮ ಮನ್ಯಾಗ ಯಾರಿಗೆ ತಿಳೀತೈತಿ ಹೇಳು? ಎಲ್ಲಾರೂ ಬಾಯಿ ನೋಡೇ ಮಾತಾಡೋದು,” ಎಂದರು. ನಿಜ. ಎಲ್ಲರೂ ತುಟಿ ಓದುವ ಮನೆಯಲ್ಲಿ ತುಟಿ ಓದುವ ಮಗುವನ್ನು ಯಾರು ಬೇರೆ ಎಂದು ಗುರುತಿಸಬೇಕಿತ್ತು? ಹೊರಗಿನಿಂದ ಬಂದವಳು ಗುರುತಿಸಬೇಕಿತ್ತು. ಹೊರಗಿನಿಂದ ಬಂದವಳು ನಾನೇ.

ಬಳ್ಳಾರಿಯಲ್ಲಿ ಮೇಡಂ ಪುಟ್ಟಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ಕಾಗದದ ಮೇಲೆ ಗೆರೆ ಮೊದಲು ನೆಟ್ಟಗೆ ಹೋಗಿ, ಅರ್ಧ ದಾರಿಯಲ್ಲಿ ಜಾರುಬಂಡೆಯ ಹಾಗೆ ಕೆಳಗಿಳಿಯಿತು. ಎರಡು ಕಿವಿಗೂ ಅದೇ. ಮೇಡಂ ನನ್ನ ಕಡತ ಕೇಳಿದರು. ಅಕ್ಕನ ಎದುರಿಗೇ ಪುಟ ತಿರುಗಿಸಿದರು. ತುಂಟತನ, ಹಟ, ಸಹಕಾರ ಕಡಿಮೆ, ಎಲ್ಲವನ್ನೂ ಗಟ್ಟಿಯಾಗಿಯೇ ಓದಿದರು. “ಎಷ್ಟು ತಿಂಗಳಿಂದ ಈ ಮಗು ಹತ್ತಿರ ‘ಸ’ ಹೇಳಿಸ್ತಾ ಇದ್ದೀಯ?” ಎಂದರು. “ಮೂರು,” ಎಂದೆ. ಅವರು ಕಡತ ಮುಚ್ಚಿದರು. ಕಿವಿಯ ಯಂತ್ರಕ್ಕೆ ಅಳತೆ ತೆಗೆದುಕೊಂಡರು, ಮೇ ತಿಂಗಳ ಮಧ್ಯಕ್ಕೆ ಬರುತ್ತದೆ ಎಂದರು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕುಳಿತಿದ್ದಳು, ಪುಟ್ಟಿ ನಡುವೆ ನಿದ್ದೆ ಹೋಗಿದ್ದಳು. ಊರು ಹತ್ತಿರ ಬಂದಾಗ ಅಕ್ಕ ಮೆಲ್ಲಗೆ, “ನಾನು ಹೊಡೆದೆ ಕಣೇ,” ಎಂದಳು. “ನೀನು ಬರುತ್ತೆ ಅಂದೆ. ಬೇಕೂಂತ ಹೇಳಲ್ಲ ಅಂದೆ. ಕೇಳಿಸದೆ ಇರೋ ಮಗೀನ ನಾನು ಹೊಡೆದೆ. ನಿನ್ನ ನಂಬಿ ಹೊಡೆದೆ.” ಅವಳು ಬೈದಿದ್ದರೆ, ಕೂಗಾಡಿದ್ದರೆ, ನನಗೆ ತಡೆದುಕೊಳ್ಳಲು ಆಗುತ್ತಿತ್ತು. ಅವಳು ಬೈಯಲಿಲ್ಲ. ಬಸ್ಸಿಳಿದು ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟಳು. ಆವತ್ತಿನಿಂದ ನನ್ನೊಂದಿಗೆ ಮಾತು ಬಿಟ್ಟಳು.

ಬಿಟ್ಟಳು ಎಂದರೆ ಪೂರ್ತಿ ಬಿಟ್ಟಳು. ತುಟಿಯಲ್ಲೂ ಇಲ್ಲ. ನಾನು ಶನಿವಾರ ಹೋದರೆ ಊಟ ಬಡಿಸುತ್ತಿದ್ದಳು, ಮುಖ ಬೇರೆ ಕಡೆ. ಹೇಳಬೇಕಾದದ್ದನ್ನು ಅತ್ತೆಗೆ ಹೇಳುತ್ತಿದ್ದಳು, ಅವರು ನನ್ನ ಕಡೆ ತಿರುಗಿ ತಮ್ಮ ಭಾಷೆಗೆ ತಿರುಗಿಸಿ ಹೇಳುತ್ತಿದ್ದರು. “ಇನ್ನೊಂದು ರೊಟ್ಟಿ ಬೇಕೇನು ಕೇಳಾಕತ್ತಾಳ, ನೋಡವ್ವಾ.” ನಾನು ಅಕ್ಕನ ಬೆನ್ನು ನೋಡಿಕೊಂಡು ಸಾಕು ಅನ್ನುತ್ತಿದ್ದೆ.

ಯಂತ್ರ ಬಂತು. ಪುಟ್ಟಿಯ ಎರಡೂ ಕಿವಿಯ ಹಿಂದೆ ಅವರೆಕಾಳಿನಷ್ಟು ದಪ್ಪದ್ದು ಒಂದೊಂದು. ಬಳ್ಳಾರಿಯಲ್ಲಿ ಸುಮ್ಮನೆ ಹಾಕಿಕೊಂಡಿದ್ದಳು. ಮನೆಗೆ ಬಂದು ಭಾವ ಮಿಷನ್ ತುಳಿದನೋ ಇಲ್ಲವೋ, ಎರಡನ್ನೂ ಕಿತ್ತು ಹೋಗಿ ನುಚ್ಚಿನ ಡಬ್ಬಿಯೊಳಗೆ ಹೂತಿಟ್ಟಳು. ಅಷ್ಟು ದಿನ ಅವಳಿಗೆ ಅರ್ಧವೇ ಕೇಳುತ್ತಿದ್ದ ಆ ಮನೆಯ ಸದ್ದು ಪೂರ್ತಿ ಕೇಳಿತ್ತು. ನಾಲ್ಕು ದಿನ ಇದೇ ಪಾಡು. ಐದನೆಯ ದಿನ ಅಕ್ಕ ಯಾರನ್ನೂ ಕೇಳದೆ ತನ್ನ ಮಿಷನ್ನನ್ನು ಹಿತ್ತಲ ತಗಡಿನ ಕೊಠಡಿಗೆ ಎಳೆದುಕೊಂಡು ಹೋದಳು. ಭಾವ, “ಅಲ್ಲಿ ಬಿಸಿಲಿಗೆ ಬೇಯ್ತಿ, ಸುಮ್ನಿರು,” ಎಂದ. ಇವಳು ಅವನ ಮಿಷನ್ನಿಗೂ ಕೈ ಹಾಕಿದಳು. ಸಂಜೆಯ ಹೊತ್ತಿಗೆ ಮೂರೂ ಹಿತ್ತಲಲ್ಲಿದ್ದವು. ಪಡಸಾಲೆ ಮೊದಲ ಸಲ ಕೂರುವ ಜಾಗವಾಯಿತು. ಅಲ್ಲಿ ಕುಳಿತು ಮಾತಾಡಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಅತ್ತೆ ಪಕ್ಕದಲ್ಲಿ ಕುಳಿತವರಿಗೂ ಹಿತ್ತಲಿಗೆ ಕೇಳುವ ಹಾಗೆ ಕೂಗುತ್ತಿದ್ದರು.

ಜೂನ್ ಬಂತು. ಪುಟ್ಟಿಯ ಬಾಯಲ್ಲಿ ಸಕಾರ ಬಂದಿರಲಿಲ್ಲ. ಕೇಳಲು ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ, ಎಲ್ಲಿಂದ ಬರಬೇಕು? ನಾನು ಎದೆ ತಟ್ಟಿ ಒಪ್ಪಿಕೊಂಡ ಕೆಲಸದಲ್ಲಿ ಒಂದು ಅಕ್ಷರವೂ ಆಗಿರಲಿಲ್ಲ. ಶಾಲೆಗೆ ಹೋಗುವ ಬೆಳಿಗ್ಗೆ ಅತ್ತೆ ನನ್ನನ್ನು ಬಾಗಿಲಲ್ಲಿ ತಡೆದು, “ನೀ ಏನೂ ಹೇಳಿಕೊಡಬ್ಯಾಡ ಅಂತಾಳ ನಿಮ್ಮಕ್ಕ,” ಎಂದರು. ಹೇಳಿಕೊಡಲಿಲ್ಲ. ಇಬ್ಬರ ಹಿಂದೆ ಎರಡು ಮಾರು ದೂರ ಬಿಟ್ಟು, ಬಳ್ಳಾರಿಯ ಮೇಡಂ ಕೊಟ್ಟ ಪತ್ರ ಹಿಡಿದುಕೊಂಡು ನಡೆದೆ.

ಹೆಡ್ ಮೇಡಂ ಪತ್ರ ಓದಿದರು. ಯಂತ್ರ ನೋಡಿದರು. “ಮಿಷನ್ ಹಾಕಿದ್ರ ಆತೇನ್ರಿ? ಹೇಳಿದ್ದು ಕೇಳ್ಸಬೇಕು, ಉತ್ತರ ಕೊಡಬೇಕು. ನಲವತ್ತು ಮಕ್ಕಳ ನಡುವ ಇಕಿ ಒಬ್ಬಾಕಿ ಮುಂದ ಹೋಗಿ ನಾನು ಮುಖ ತೋರಿಸ್ಕೋತ ನಿಲ್ಲಾಕ ಆಗಂಗಿಲ್ಲ,” ಎಂದರು. ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಮುಖ ನೋಡಿ ಹೆಸರು ಕೇಳಿದರು. ಪುಟ್ಟಿ ಹೇಳಿದಳು, ಅರ್ಧ ಅರ್ಥವಾಯಿತು. ಮೇಡಂ ಹುಬ್ಬು ಗಂಟಿಕ್ಕಿ ಅಕ್ಕನ ಕಡೆ ನೋಡಿದರು. ಅಕ್ಕ ಮಗಳ ಭುಜವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು, ಆಗಲೇ ಯಾರೋ ಕಸಿಯಲು ಬಂದವರ ಹಾಗೆ.

ಮೇಡಂ ಪೆನ್ನು ತೆಗೆಯಲು ಹೋದರು, ಅದು ಕೈ ಜಾರಿ ಮೇಜಿನ ಕೆಳಗೆ ಉರುಳಿತು. ಅವರು ಬಗ್ಗಿದರು. ತಲೆ, ಮುಖ, ತುಟಿ ಎಲ್ಲ ಮೇಜಿನ ಮರೆಗೆ ಹೋಯಿತು. ಅಲ್ಲಿಂದಲೇ, ಹುಡುಕುತ್ತಾ, “ಮನ್ಯಾಗ ಯಾರ್ಯಾರು ಅದೀರವ್ವಾ?” ಎಂದು ಕೇಳಿದರು.

ಪುಟ್ಟಿ ಒಂದು ಹೆಜ್ಜೆ ಮುಂದಿಟ್ಟಳು. ಮೇಜಿನ ಕೆಳಗೆ ಬಗ್ಗಿ ಬಾಯಿ ನೋಡಲು ಹೊರಟಳು ಎಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಳೋ ಏನೋ, ಅವಳ ಕೈ ಮಗಳ ಭುಜದಿಂದ ಜಾರಿತು. ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

“ಅಮ್ಮಾ!” ಎಂದಳು ಪುಟ್ಟಿ. ಮೂರು ಮಿಷನ್ನುಗಳ ಆಚೆಗೂ ಕೇಳುವ ಗಂಟಲು ಅದು. ನಾನು ಕಣ್ಣು ಬಿಟ್ಟೆ. ಅವಳು ಬಗ್ಗಿರಲಿಲ್ಲ. ನೆಟ್ಟಗೆ ನಿಂತು ಬೆರಳು ಮಡಿಸುತ್ತಿದ್ದಳು. “ಅಪ್ಪಾ! ಅಜ್ಜೀ! ನಾನೂ!”

ಮೇಜು ಅಲ್ಲಾಡಿತು. ಮೇಡಂ ತಲೆ ಉಜ್ಜಿಕೊಳ್ಳುತ್ತಾ ಮೇಲೆ ಬಂದರು. “ಯಾಕ ಹಿಂಗ ಒದರ್ತಿಯವ್ವಾ?” ಎಂದರು. “ನನಗೇನು ಕಿವಿ ಕೇಳಂಗಿಲ್ಲೇನು?”

ಹೀಗೆಂದು ರಿಜಿಸ್ಟರ್ ತೆರೆದರು. ಅಕ್ಕ ನಗಬೇಕೋ ಅಳಬೇಕೋ ಒಂದೂ ತಿಳಿಯದೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಮೇಡಂನ ಪೆನ್ನು ಕಾಗದದ ಮೇಲೆ ಓಡಿತು. ಅಕ್ಕ ನನ್ನ ಕಡೆ ತಿರುಗಿದಳು. ಸೆರಗು ತೆಗೆದಳು.

“ಬರ್ಕೊಂತಾವ್ರೆ ಕಣೇ,” ಎಂದಳು.

ಬಳ್ಳಾರಿಯ ಬಸ್ಸು ಇಳಿದ ಮೇಲೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.